ಹಿಡಿ ತಿರುಗಿಸುವವರು ಯಾರು?

ದಮ್ಮಾಮ್‌ನ ನನ್ನ ಮನೆಯಲ್ಲೊಂದು ಪುಟ್ಟ ಲೇತ್ ಇದೆ. ಲೋಹದ ತುಂಡನ್ನು ತಿರುಗಿಸುವ ಮೋಟಾರ್ ಅದಕ್ಕೆ ಮೊದಲೇ ಇತ್ತು. ಟೂಲನ್ನು ಮುಂದೆ ಸರಿಸುವ ಹಿಡಿಗೂ ಈಗ 12 ವೋಲ್ಟಿನ ವೈಪರ್ ಮೋಟಾರ್ ಜೋಡಿಸಿದ್ದೇನೆ. ಕೈಯ ವೇಗ ಏರಿಳಿದರೆ ಹಿತ್ತಾಳೆಯ ಮೇಲೆ ಗೆರೆ ಮೂಡುತ್ತದೆ. ಮೋಟಾರಿನದು ಒಂದೇ ಸಮನಾದ ನಡೆ. ನಿಮಿಷಕ್ಕೆ 600 ಸುತ್ತು, ಸುತ್ತಿಗೆ 0.1 ಮಿ.ಮೀ., ಅಂದರೆ ನಿಮಿಷಕ್ಕೆ 60 ಮಿ.ಮೀ.

ಹಾಗಾದರೆ ಆ ನುಣುಪು ಯಾರದ್ದು?

ಚನ್ನಪಟ್ಟಣದಲ್ಲೂ ಕೈಯಿಂದ ತಿರುಗಿಸುತ್ತಿದ್ದ ಲೇತಿಗೆ ವಿದ್ಯುತ್ ಬಂತು. ಆದರೆ ಅಲ್ಲಿ ಯಂತ್ರ ತಿರುಗಿಸುವುದು ಮರವನ್ನಷ್ಟೇ. ಉಳಿ ಹಿಡಿಯುವುದು, ಅರಗಿನ ಬಣ್ಣ ಒತ್ತುವುದು ಕುಶಲಕರ್ಮಿಯ ಕೈಯೇ. ಗೊಂಬೆ ಅವರದೆನ್ನಲು ಯಾರಿಗೂ ಅನುಮಾನವಿಲ್ಲ. ನನ್ನ ಮೋಟಾರಾದರೋ ಟೂಲನ್ನೂ ತಾನೇ ಒಯ್ಯುತ್ತದೆ.

ನನಗೆ ಉಳಿಯುವುದು ಎಷ್ಟು ಆಳ ಕೊರೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನ. ಲೋಹ ಬಿಗಿದರೆ ಕೈಗೆ ತಿಳಿಯುತ್ತದೆ, ಮೋಟಾರಿಗೆ ತಿಳಿಯದು. ತಡೆಯದಿದ್ದರೆ ತಿರುಗುವ ಚಕ್‌ಗೇ ಟೂಲನ್ನು ಬಡಿಯುತ್ತದೆ. ಅದಕ್ಕೇ ಒಂದು ಲಿಮಿಟ್ ಸ್ವಿಚ್ ಇಟ್ಟಿದ್ದೇನೆ, ಜೊತೆಗೆ ನನ್ನ ಕಣ್ಣನ್ನೂ.

ಕಚೇರಿಯಲ್ಲೂ ಮೊತ್ತ ಕೂಡುವುದು ಕಂಪ್ಯೂಟರ್, ಸಹಿ ಮಾತ್ರ ಲೆಕ್ಕಪರಿಶೋಧಕನದು. ಲೆಕ್ಕ ತಪ್ಪಿದರೆ ಕಂಪ್ಯೂಟರನ್ನು ಯಾರೂ ಕರೆದು ಕೇಳುವುದಿಲ್ಲ. ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸಬಹುದು. ಕೆಟ್ಟರೆ ಉತ್ತರ ಕೊಡಬೇಕಾದವನು ನಾನಾದ್ದರಿಂದ, ನುಣುಪಾದರೆ ಅದನ್ನು ನನ್ನದೆನ್ನಲು ನನಗೆ ಸಂಕೋಚವಿಲ್ಲ.