ಸುಂದರ ದ್ವಾರದಲ್ಲಿ ಕುಳಿತವನು



ಹುಟ್ಟಿನಿಂದಲೇ ನಡೆಯಲಾರದ ಒಬ್ಬನನ್ನು ದಿನವೂ ಹೊತ್ತು ತಂದು ಮಹಾದೇವಾಲಯದ ಸುಂದರ ದ್ವಾರದಲ್ಲಿ ಕೂರಿಸುತ್ತಿದ್ದರು (ಪ್ರೇಷಿತರ ಕಾರ್ಯಕಲಾಪಗಳು, ಅಧ್ಯಾಯ 3). ಅವನಿಗೆ 40 ದಾಟಿತ್ತು. ಅಷ್ಟು ಕಾಲ ಬಿದ್ದ ನಾಣ್ಯಗಳು ಹೊಟ್ಟೆಗಾದವು, ಕಾಲಿಗಾಗಲಿಲ್ಲ. ಪೇತ್ರರು ಬಲಗೈ ಹಿಡಿದು ಎಬ್ಬಿಸಿದರು.

ಹೋದ ವರ್ಷ ನಾವು ಯುವಜನರು ಒಬ್ಬರಿಗೆ ಗಾಲಿಕುರ್ಚಿ ಕೊಟ್ಟೆವು. ಫೋಟೊದಲ್ಲಿ ಎಲ್ಲರೂ ಇದ್ದೆವು. ಟೈರ್ ಹರಿದಾಗ ಒಬ್ಬರೂ ಇರಲಿಲ್ಲ.

ಇಟಲಿಯ ಆಲ್ಬರ್ಟೊ ಕೈರೊ ವಕೀಲಿಕೆ ಬಿಟ್ಟು ಫಿಸಿಯೋಥೆರಪಿ ಕಲಿತವರು. 1990ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯಿಂದ ಅಫ್ಘಾನಿಸ್ತಾನದ ಕಾಬೂಲ್‌ಗೆ ಹೋದರು. ದಶಕಗಳ ಕಾಲ ಅಲ್ಲೇ ದುಡಿದರು. ನೆಲಬಾಂಬಿಗೆ ಕಾಲು ಕಳೆದುಕೊಂಡವರಿಗೆ, ಪೋಲಿಯೊ ಬಂದವರಿಗೆ ಅಲ್ಲಿ ಕೃತಕ ಕಾಲು, ಕ್ಯಾಲಿಪರ್, ನಡಿಗೆಯ ತರಬೇತಿ. ಕಾಲು ತಯಾರಿಸುವವರಲ್ಲೂ ಹೆಚ್ಚಿನವರು ಅಂಗವಿಕಲರೇ. ಕಾಲಿಗಾಗಿ ಬಂದವರಲ್ಲೇ ಎಷ್ಟೋ ಮಂದಿ ಕೆಲಸ ಕಲಿತು ಅಲ್ಲೇ ಉಳಿದರು.

ಆದರೆ ಮಗು ಬೆಳೆದಂತೆ ಕೃತಕ ಕಾಲು ಚಿಕ್ಕದಾಗುತ್ತದೆ, ಬದಲಿಸಲೇಬೇಕು. ದೊಡ್ಡವರದ್ದೂ ಕೆಲವೇ ವರ್ಷಗಳಲ್ಲಿ ಸವೆಯುತ್ತದೆ. ಬಡ ದೇಶಗಳಲ್ಲಿ ಇಂಥ ಎಷ್ಟೋ ಕೇಂದ್ರಗಳು ಹೊರಗಿನ ದೇಣಿಗೆಯಿಂದಲೇ ನಡೆಯುತ್ತವೆ. ಯುದ್ಧದ ಸುದ್ದಿ ಹಳತಾದರೆ ದೇಣಿಗೆ ಬತ್ತುತ್ತದೆ. ಸವೆಯುವ ಕಾಲಿಗೆ ಅದು ಗೊತ್ತಾಗುವುದಿಲ್ಲ. ನಮ್ಮ ಕಾಣಿಕೆಯೂ ಹಾಗೆಯೇ ಅಲ್ಲವೇ? ತಪಸ್ಸುಕಾಲಕ್ಕೆ ಡಬ್ಬಿ ತುಂಬುತ್ತದೆ, ಈಸ್ಟರ್ ಕಳೆದ ಮೇಲೆ ಅದು ಎಲ್ಲಿದೆಯೆಂದೂ ನೆನಪಿರುವುದಿಲ್ಲ.

ಈ ಸಲ ಒಂದೇ ದಿನ ಹಾಕದೆ, ತಿಂಗಳಿಗಿಷ್ಟು ಎಂದು ಮೂರು ವರ್ಷ ಕೊಡೋಣ ಎಂದು ಫಾದರ್ ಅವರೊಡನೆ ಮಾತಾಡಿದ್ದೇವೆ. ಮೊದಲು ಆ ಟೈರ್. ಭಾನುವಾರ ಕನ್ನಡ ಬಲಿಪೂಜೆಯ ನಂತರ ಹೆಸರು ಬರೆಸಿ. ತಮಿಳು ಪೂಜೆಗೆ ಹೋಗುವ ಗೆಳೆಯರನ್ನೂ ಕರೆತನ್ನಿ.