ಅವಧಿ ಮುಗಿದ ಹೆಸರು

ಯಾಜಕಕಾಂಡ 25, ವಚನ 29ರಿಂದ 31 ತೆಗೀರಿ. ಫೋನಿನಾಗ ಬೈಬಲ್ ಇದ್ದವರೂ ತೆಗೀರಿ, ವಾಟ್ಸಾಪ್ ಮಾತ್ರ ಆಮೇಲೆ.

ಯಂಕಂಚಿ ಕಡೆ ಹೊಲ ಒತ್ತಿ ಇಟ್ಟವರಿಗೆ "ಬಿಡಿಸ್ಕೊಳ್ಳೋದು" ಅಂದ್ರೇನು ಅಂತ ನಾನು ಹೇಳಬೇಕಾಗಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲೂ ಅದೇ ಮಾತು. ಕೋಟೆಗೋಡೆಯ ಪಟ್ಟಣದಲ್ಲಿ ಮನೆ ಮಾರಿದರೆ ಬಿಡಿಸಿಕೊಳ್ಳೋಕೆ ಒಂದೇ ವರ್ಷ. ದಾಟಿತೋ, ಜೂಬಿಲಿಯಲ್ಲೂ ವಾಪಸ್ ಬರಲ್ಲ. ಗೋಡೆ ಇಲ್ಲದ ಹಳ್ಳಿಯ ಮನೆಗೆ ಆ ಗಡುವಿಲ್ಲ. ಪಟ್ಟಣ ಸೇರಿದವರೇ, ಕೇಳಿಸಿಕೊಳ್ರಿ!

ನಿಮ್ಮಲ್ಲಿ ಐಟಿ ಕೆಲಸದವರು ಬಹಳ. ಡಾಟ್ ಕಾಮ್ ಹೆಸರು ನಮ್ಮ ಸ್ವಂತ ಆಸ್ತಿಯಲ್ಲ, ಅವಧಿಗೆ ಪಡೆದದ್ದು. ಮುಗಿಯೋಕೆ ಸುಮಾರು ತಿಂಗಳ ಮುಂಚೆ ಒಂದು ನೋಟಿಸ್, ವಾರದ ಮುಂಚೆ ಇನ್ನೊಂದು, ಮುಗಿದ 5 ದಿನದೊಳಗೆ ಮತ್ತೊಂದು. ಆಮೇಲೂ ಕಂಪನಿ ಹೆಚ್ಚೆಂದರೆ 45 ದಿನ ಕಾಯಬಹುದು. ಹೆಸರು ಅಳಿಸಿದ ಮೇಲೂ 30 ದಿನ ಇರ್ತದೆ, ಶುಲ್ಕ ಮಾತ್ರ ಜಾಸ್ತಿ. ಆ 30 ದಿನಕ್ಕೆ ಏನಂತಾರೆ ಗೊತ್ತಾ? ರಿಡೆಂಪ್ಶನ್ ಪೀರಿಯಡ್. ವಿಮೋಚನೆಯ ಕಾಲ! ಸಾಫ್ಟ್‌ವೇರ್‌ನವರು ಆ ಪದ ಎಲ್ಲಿಂದ ತಂದರೋ, ನನಗಂತೂ ಬೋಅಜನೇ ನೆನಪಾದ. ಅದೂ ದಾಟಿದರೆ ಇನ್ನು 5 ದಿನ, ಆಗ ಯಾರೂ ಬಿಡಿಸೋಕಾಗಲ್ಲ. ನಂತರ ಯಾರು ಬೇಕಾದರೂ ತಗೋಬಹುದು.

1999ರ ಕ್ರಿಸ್ಮಸ್ ಸಮಯ. ಮೈಕ್ರೋಸಾಫ್ಟ್‌ನಂಥ ಕಂಪನಿ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ 35 ಡಾಲರ್ ಕಟ್ಟಿರಲಿಲ್ಲ. ಹಾಟ್‌ಮೇಲ್‌ಗೆ ಜನ ಲಾಗಿನ್ ಆಗೋಕಾಗಲಿಲ್ಲ. ಮೈಕಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ ಆ ದುಡ್ಡು ಕಟ್ಟಿದ. ಸಾಲ ಅವನದಲ್ಲ. ಹೆಸರೂ ಅವನದಾಗಲಿಲ್ಲ, ಮೈಕ್ರೋಸಾಫ್ಟ್‌ದೇ ಉಳೀತು.

ಇಲ್ಲಿಗೆ ಈ ಉದಾಹರಣೆ ಸಾಲದು. ಯೇಸು ಕೊಟ್ಟದ್ದು 35 ಡಾಲರ್ ಅಲ್ಲ, ರಕ್ತ. ಬಿಡಿಸಿದ ಮೇಲೆ ನಾವು ನಮ್ಮ ಸ್ವಂತದವರೂ ಅಲ್ಲ, 1 ಕೊರಿಂಥ 6:20 ಮನೆಯಲ್ಲಿ ಓದಿ.

ಊರು ಬಿಟ್ಟು ಬಂದು ಎರಡು ವರ್ಷ ಪ್ರಾರ್ಥನೆ ನಿಲ್ಲಿಸಿದ ತಮ್ಮಂದಿರು, ತಂಗಿಯರು ಇಲ್ಲೇ ಕೂತಿದ್ದೀರಿ. ಭಾನುವಾರ ಅವ್ವ ಫೋನ್ ಮಾಡಿ "ಸಭೆಗೆ ಹೋಗಿದ್ದೇನಪ್ಪಾ?" ಅಂತಾಳಲ್ಲ, ಅದು ನೋಟಿಸ್. ಡೊಮೇನ್‌ಗಾದರೆ ಎಷ್ಟು ದಿನ ಉಳಿದಿದೆ ಅಂತ ಸ್ಕ್ರೀನ್ ಮೇಲೆ ಕಾಣ್ತದೆ. ನಮ್ಮದು ಯಾರಿಗೂ ಕಾಣಲ್ಲ. ಹಣ ಕಟ್ಟಿ ಆಗಿದೆ, ಪ್ರಿಯರೇ. ಕೀಬೋರ್ಡ್ ನುಡಿಸ್ತಿರಲಿ, ಬರಬೇಕಾದವರು ಮುಂದೆ ಬನ್ನಿ.