ನುಡಿದ ಸಂಕಲ್ಪವೂ ನಡುವಯಸ್ಸಿನ ನಿಷ್ಠೆಯೂ

ಮನುಷ್ಯನು ಬಾಳಿನಲ್ಲಿ ಒಂದು ಗುರಿಯನ್ನು ಇಟ್ಟುಕೊಂಡ ಬಳಿಕ ಅದನ್ನು ಬಾಯಿಬಿಟ್ಟು ಹೇಳಬೇಕೆ, ಅಥವಾ ಮನದಲ್ಲಿಯೇ ಇರಿಸಿಕೊಂಡು ನಡೆಯಬೇಕೆ? ಮೇಲುನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ನಾಲ್ವತ್ತನ್ನು ದಾಟಿ ಐವತ್ತರತ್ತ ಸಾಗುತ್ತಿರುವ ಗೃಹಸ್ಥನಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಮತ್ತೊಂದಿಲ್ಲ. ಹರೆಯದಲ್ಲಿ ಮಾಡಿದ ಸಂಕಲ್ಪಗಳು ಉಳಿಯುವುವೋ ಅಳಿಯುವುವೋ ಎಂಬುದು ನಿರ್ಧಾರವಾಗುವುದು ಆ ವಯಸ್ಸಿನಲ್ಲಿಯೇ. ನುಡಿ ನಡೆಗಳ ಸಂಬಂಧವು ಶರಣರ ವಿಚಾರದ ತಿರುಳಾದುದರಿಂದ ಈ ಪ್ರಶ್ನೆಗೆ ಅವರ ಬಾಳಿನಲ್ಲಿ ಉತ್ತರವನ್ನು ಅರಸುವುದು ಉಚಿತವಾಗಿದೆ.

ಹರೆಯದ ಸಂಕಲ್ಪಕ್ಕೆ ಹರೆಯವೇ ಬೆಂಬಲ. ಮೈಯಲ್ಲಿ ಕಸುವಿರುತ್ತದೆ, ಮುಂದೆ ಬೇಕಾದಷ್ಟು ಕಾಲವಿರುತ್ತದೆ, ಹೆಗಲ ಮೇಲಿನ ಹೊರೆ ಹಗುರಾಗಿರುತ್ತದೆ. ನಡುವಯಸ್ಸಿನಲ್ಲಿ ಈ ಮೂರೂ ತಲೆಕೆಳಗಾಗುತ್ತವೆ. ಒಂದು ಕಡೆ ಮುಪ್ಪಿನ ತಂದೆತಾಯಿಗಳ ಔಷಧೋಪಚಾರ, ಇನ್ನೊಂದು ಕಡೆ ಮಕ್ಕಳ ವಿದ್ಯೆ ಮತ್ತು ಮದುವೆ, ಇವೆರಡರ ನಡುವೆ ತೀರದ ಸಾಲ. ಕೆನಡಾ ದೇಶದಲ್ಲಿ ಹುಟ್ಟಿದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ ಎಂಬವನು 1965ರಲ್ಲಿ ಈ ತೊಳಲಾಟಕ್ಕೆ ‘ನಡುವಯಸ್ಸಿನ ಸಂಕಟ’ ಎಂಬರ್ಥದ ಹೆಸರನ್ನಿಟ್ಟನು. ತನ್ನ ಬಾಳಿಗೂ ಒಂದು ಕೊನೆಯುಂಟು ಎಂಬ ಅರಿವು ಕೇವಲ ಮಾತಾಗಿರದೆ ನಿಜವಾಗಿ ಎದೆಗೆ ತಟ್ಟುವುದೇ ಇದರ ಬೇರೆಂದು ಅವನು ಕಂಡನು.

ಇಂತಹ ಕಾಲದಲ್ಲಿ ಗುರಿಯು ಒಮ್ಮೆಲೇ ಮುರಿದು ಬೀಳುವುದಿಲ್ಲ, ಸದ್ದಿಲ್ಲದೆ ಸವೆಯುತ್ತದೆ. ಒಬ್ಬ ತರುಣನು ತನ್ನ ಮನೆಯಲ್ಲಿ ಎಂದೂ ವರದಕ್ಷಿಣೆಯ ಹಣ ಮುಟ್ಟಬಾರದೆಂದು ಮನಸ್ಸಿನಲ್ಲಿಯೇ ನಿಶ್ಚಯಿಸಿರುತ್ತಾನೆ ಎನ್ನೋಣ. ಇಪ್ಪತ್ತೈದು ವರುಷಗಳ ಮೇಲೆ ಅವನ ಮಗನಿಗೆ ಸಂಬಂಧ ಕೂಡಿಬರುತ್ತದೆ. 1961ರ ಕಾಯಿದೆಯು ಅದನ್ನು ಅಪರಾಧವೆಂದು ಸಾರಿದೆ. ಅವನ ಮನಸ್ಸೂ ಹಾಗೆಯೇ ಸಾರಿತ್ತು. ಆದರೆ ಸಾಲಗಾರನು ಬಾಗಿಲಲ್ಲಿ ನಿಂತಿದ್ದಾನೆ. ಬೀಗರು ತಾವಾಗಿಯೇ ‘ಉಡುಗೊರೆ’ ಎನ್ನುತ್ತಿದ್ದಾರೆ. ಅವನು ಕೈಚಾಚುತ್ತಾನೆ. ಅವನ ಪ್ರತಿಜ್ಞೆ ಅಂದು ಭಂಗವಾಯಿತೆಂದು ಊರಿನಲ್ಲಿ ಯಾರೂ ಅರಿಯರು, ಏಕೆಂದರೆ ಅಂತಹದೊಂದು ಪ್ರತಿಜ್ಞೆ ಇದ್ದಿತೆಂಬುದನ್ನೇ ಯಾರೂ ಅರಿಯರು. ಕೆಲವು ದಿನಗಳಲ್ಲಿ ಅವನೂ ಅದನ್ನು ಮರೆಯುತ್ತಾನೆ. ಮೌನದಲ್ಲಿ ಹುಟ್ಟಿದ ಸಂಕಲ್ಪವು ಮೌನದಲ್ಲಿಯೇ ಸತ್ತು ಮಣ್ಣಾಯಿತು. ಅದಕ್ಕಾಗಿ ಅಳುವವರು ಕೂಡ ಇಲ್ಲ.

ಹಾಗಾದರೆ ಗುರಿಯನ್ನು ನುಡಿದು ತೋರಿಸುವುದೇ ಮೇಲೆ? ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೇಳದೆ ನಡೆಸುವವನು, ಹೇಳಿ ನಡೆಸುವವನು, ಹೇಳಿಯೂ ನಡೆಸದವನು ಎಂದು ಸರ್ವಜ್ಞನು ಮನುಷ್ಯರಲ್ಲಿ ಮೂರು ತರಗತಿಗಳನ್ನು ಮಾಡಿ, ಮೌನವಾಗಿ ನಡೆಸುವವನನ್ನೇ ಮೇಲೆ ಕೂರಿಸಿದ್ದಾನೆ. ಇಂದಿನ ಮನಶ್ಶಾಸ್ತ್ರವೂ ಈ ಎಚ್ಚರಿಕೆಗೆ ದನಿಗೂಡಿಸುತ್ತದೆ. ಜರ್ಮನಿಯ ವಿದ್ವಾಂಸ ಪೀಟರ್ ಗೋಲ್ವಿಟ್ಸರ್ ಮತ್ತು ಅವನ ಸಂಗಡಿಗರು 2009ರಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಒಳ್ಳೆಯ ನ್ಯಾಯವಾದಿಗಳಾಗಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗಳಲ್ಲಿ, ಯಾರ ಉದ್ದೇಶವನ್ನು ಇನ್ನೊಬ್ಬರು ಗಮನಿಸಿ ಒಪ್ಪಿದರೋ ಅವರು, ಉದ್ದೇಶವನ್ನು ಯಾರೂ ಗಮನಿಸದವರಿಗಿಂತ ಕಡಿಮೆ ಹೊತ್ತು ದುಡಿದರು. ಹೇಳಿದ ಮಾತ್ರಕ್ಕೆ ಮನಸ್ಸು ಅರ್ಧ ಸಾಧಿಸಿದಂತೆ ತೃಪ್ತಿಗೊಳ್ಳುತ್ತದೆ. ಮೆಚ್ಚುಗೆಯು ಮುಂಗಡವಾಗಿ ಸಂದಾಯವಾದ ಮೇಲೆ ದುಡಿಮೆ ಏಕೆ?

ಆಕ್ಷೇಪವು ಬಲವಾದುದೇ. ಆದರೆ ಅದನ್ನು ವಿಂಗಡಿಸಿ ನೋಡಬೇಕು. ಸರ್ವಜ್ಞನ ಆ ತ್ರಿಪದಿಯು ಕೆಲವು ಪಾಠಗಳಲ್ಲಿ ‘ಕೊಡುವ’ವನನ್ನು ಕುರಿತೇ ಇದೆ. ದಾನಕ್ಕೆ ಮೌನವೇ ಭೂಷಣ. ಅಲ್ಲಿ ಮಾತು ಕೀರ್ತಿಯನ್ನು ಕೊಂಡುಕೊಳ್ಳುತ್ತದೆ. ಆದರೆ ತನ್ನನ್ನು ತಾನು ತಿದ್ದಿಕೊಳ್ಳುವ ಸಂಕಲ್ಪದ ಮಾತು ಬೇರೆ. ಅಲ್ಲಿ ಮೌನವು ಎಷ್ಟೋ ವೇಳೆ ವಿನಯವಾಗಿರುವುದಿಲ್ಲ. ಹಿಂದೆ ಸರಿಯಲು ತೆರೆದಿಟ್ಟ ಹಿತ್ತಿಲ ಬಾಗಿಲಾಗಿರುತ್ತದೆ. ಅಂತೆಯೇ ಆ ಪ್ರಯೋಗಗಳು ಖಂಡಿಸುವುದು ಮೆಚ್ಚುಗೆಗಾಗಿ ಆಡುವ ಮಾತನ್ನೇ ಹೊರತು ಲೆಕ್ಕ ಕೇಳುವವರ ಮುಂದೆ ಆಡುವ ಮಾತನ್ನಲ್ಲ. ಆದುದರಿಂದ ಹೇಳಬೇಕೆ ಬೇಡವೆ ಎಂಬುದಕ್ಕಿಂತ ಯಾರ ಮುಂದೆ ಹೇಳಬೇಕು ಎಂಬುದೇ ಮುಖ್ಯವಾದ ಪ್ರಶ್ನೆ.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ಕೊಟ್ಟ ಉತ್ತರವು ‘ವಚನ’ವೆಂಬ ಹೆಸರಿನಲ್ಲಿಯೇ ಅಡಗಿದೆ. ವಚನವೆಂದರೆ ಮಾತು, ಕೊಟ್ಟ ಮಾತಿಗೂ ಕನ್ನಡದಲ್ಲಿ ಅದೇ ಹೆಸರು. ಅವರು ಪ್ರತಿಯೊಂದು ವಚನಕ್ಕೂ ಒಂದು ಅಂಕಿತವನ್ನಿಟ್ಟರು. ಬಸವಣ್ಣನವರು ಕೂಡಲಸಂಗಮದೇವನ ಹೆಸರಿನಲ್ಲಿ, ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ, ಅಲ್ಲಮಪ್ರಭುವು ಗುಹೇಶ್ವರನ ಹೆಸರಿನಲ್ಲಿ ತಮ್ಮ ಮಾತನ್ನು ಮುಗಿಸಿದರು. ಅಂಕಿತವನ್ನು ಕರ್ತೃವಿನ ಗುರುತು ಎನ್ನುವುದುಂಟು. ವಿಚಾರಿಸಿ ನೋಡಿದರೆ ಅದು ಸಾಕ್ಷಿಯ ಸಹಿಯೂ ಹೌದು. ಆಡಿದ ಮಾತಿನ ಕೊನೆಗೆ ತನ್ನ ಇಷ್ಟದೈವವನ್ನು ಕರೆದು ನಿಲ್ಲಿಸುವವನು ಆ ಮಾತಿನಿಂದ ಸುಲಭವಾಗಿ ತಪ್ಪಿಸಿಕೊಳ್ಳಲಾರನು. ಇದು ಮೊದಲನೆಯ ಸಾಕ್ಷಿ. ಕಲ್ಯಾಣದ ಅನುಭವ ಮಂಟಪದ ಗೋಷ್ಠಿಯು ಎರಡನೆಯ ಸಾಕ್ಷಿ. ಅಲ್ಲಿ ನುಡಿದವನನ್ನು ಹೊಗಳಿ ಕಳುಹುವ ಪದ್ಧತಿ ಇರಲಿಲ್ಲ. ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು: ಸಿದ್ಧರಾಮನಂತಹ ಯೋಗಿಯೂ, ಅಕ್ಕನಂತಹ ವಿರಾಗಿಣಿಯೂ ಅಲ್ಲಿ ಪ್ರಶ್ನೆಗಳ ಒರೆಗಲ್ಲಿಗೆ ತಮ್ಮ ನಿಲವನ್ನು ಒಡ್ಡಬೇಕಾಯಿತು.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಶರಣರು ಗುರಿಯನ್ನು ಮಾತ್ರ ನುಡಿಯಲಿಲ್ಲ. ಗುರಿಯಿಂದ ತಾವು ಎಷ್ಟು ದೂರದಲ್ಲಿದ್ದೇವೆ ಎಂಬುದನ್ನೂ ನುಡಿದರು. ಬಿಜ್ಜಳನ ಭಂಡಾರಿಯಾಗಿ ಅಧಿಕಾರದ ಗದ್ದುಗೆಯಲ್ಲಿದ್ದ ಬಸವಣ್ಣನವರು ತಮ್ಮ ಮನಸ್ಸಿನ ಚಾಂಚಲ್ಯವನ್ನೂ ಭಕ್ತಿಯ ಕೊರತೆಯನ್ನೂ ವಚನ ವಚನಗಳಲ್ಲಿ ತೋಡಿಕೊಂಡಿದ್ದಾರೆ. ಸಾಧನೆಯನ್ನು ಸಾರುವ ಮಾತು ಅಹಂಕಾರವನ್ನು ಬೆಳೆಸಬಹುದು. ಕೊರತೆಯನ್ನೂ ಸೇರಿಸಿ ಆಡಿದ ಮಾತು ಅಹಂಕಾರದ ಬುಡವನ್ನೇ ಕೊಯ್ಯುತ್ತದೆ.

ನಡುವಯಸ್ಸಿಗೆ ಬೇಕಾದ ಬಲವು ಯಾವುದೆಂಬುದನ್ನು ಷಟ್‌ಸ್ಥಲದ ವಿಚಾರದಿಂದಲೂ ತಿಳಿಯಬಹುದು. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ, ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿ ಎಂದು ಶಾಸ್ತ್ರವು ಹೇಳುತ್ತದೆ. ಇವು ಆತ್ಮದ ಮೆಟ್ಟಿಲುಗಳೇ ಹೊರತು ವಯಸ್ಸಿನ ಲೆಕ್ಕಗಳಲ್ಲ. ಆದರೂ ಗೃಹಸ್ಥನ ಬಾಳಿಗೆ ಈ ಕ್ರಮವು ಒಳ್ಳೆಯ ಕನ್ನಡಿಯಾಗಿದೆ. ಶ್ರದ್ಧೆಯು ಆರಂಭದ ಉತ್ಸಾಹ. ಅದು ಹೊಸ ನೀರಿನಂತೆ ತಾನಾಗಿಯೇ ಉಕ್ಕಿ ಬರುತ್ತದೆ. ನಿಷ್ಠೆಯು ಉಕ್ಕುವುದಿಲ್ಲ, ನಿಲ್ಲುತ್ತದೆ. ಉತ್ಸಾಹವು ಇಳಿದ ಮೇಲೆಯೂ ಹಿಡಿದುದನ್ನು ಬಿಡದಿರುವ ಛಲವೇ ನಿಷ್ಠೆ. ನಾಲ್ವತ್ತರ ಮೇಲೆ ತನ್ನಲ್ಲಿ ಮೊದಲಿನ ಹುರುಪಿಲ್ಲವೆಂದು ಮರುಗುವವನು ತಿಳಿಯಬೇಕಾದುದಿಷ್ಟೆ: ಹುರುಪು ಹೋಗುವುದು ಸೋಲಲ್ಲ, ಶ್ರದ್ಧೆಯ ಜಾಗಕ್ಕೆ ನಿಷ್ಠೆಯು ಬರಬೇಕಾದ ಹೊತ್ತು ಅದು.

ಆ ನಿಷ್ಠೆಗೆ ಮನೆಯಲ್ಲಿಯೇ ಸಾಕ್ಷಿ ದೊರೆಯುವುದುಂಟು. ಆಯ್ದಕ್ಕಿ ಮಾರಯ್ಯನ ಕಥೆಯು ಎಲ್ಲರಿಗೂ ತಿಳಿದಿದೆ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಮ್ಮೆ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಮಡದಿ ಲಕ್ಕಮ್ಮನು ಹಿಗ್ಗಲಿಲ್ಲ. ತಮ್ಮ ನೇಮಕ್ಕೆ ಮೀರಿದುದು ತಮ್ಮದಲ್ಲವೆಂದು ಅದನ್ನು ತಿರುಗಿ ಚೆಲ್ಲಿ ಬರುವಂತೆ ಮಾಡಿದಳು. ಮತ್ತೊಮ್ಮೆ ಅವನು ಪ್ರಭುದೇವರೊಡನೆ ಅನುಭಾವದಲ್ಲಿ ಮೈಮರೆತು ಕುಳಿತಾಗ ಕಾಯಕದ ಹೊತ್ತು ಮೀರಿತೆಂದು ನೆನಪಿಸಿದವಳೂ ಅವಳೇ. ಇಬ್ಬರ ನಡುವೆ ನೇಮವು ಬಾಯಿಬಿಟ್ಟು ಆಡಿದ ಮಾತಾಗಿರದಿದ್ದರೆ ಲಕ್ಕಮ್ಮನು ಕೇಳುವುದೆಂತು? ಮೊದಲ ಬಾರಿ ಮಾರಯ್ಯನು ಎಡವಿದುದು ಹೆಚ್ಚಿನ ಗಳಿಕೆಯಿಂದ. ಎರಡನೆಯ ಬಾರಿ ಸತ್ಸಂಗದಂತಹ ಒಳ್ಳೆಯ ವಸ್ತುವಿನಿಂದ. ನಡುವಯಸ್ಸಿನ ಗೃಹಸ್ಥನನ್ನು ಗುರಿಯಿಂದ ಸರಿಸುವುವು ಸಾಮಾನ್ಯವಾಗಿ ಕೆಟ್ಟ ಕೆಲಸಗಳಲ್ಲ. ಇನ್ನಷ್ಟು ಗಳಿಸಬೇಕೆಂಬ ನೆಪ ಮತ್ತು ನೋಡಲು ಒಳ್ಳೆಯದೇ ಆದ ಬೇರೊಂದು ಕೆಲಸ.

ಹನ್ನೆರಡನೆಯ ಶತಮಾನಕ್ಕೇ ಇದು ಮುಗಿದುಹೋದ ಮಾತಲ್ಲ. ಕಳೆದ ಶತಮಾನದಲ್ಲಿ ವಚನಪಿತಾಮಹ ಫ. ಗು. ಹಳಕಟ್ಟಿಯವರ ಬಾಳು ಇದಕ್ಕೆ ಉಜ್ಜ್ವಲ ನಿದರ್ಶನವಾಗಿದೆ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಅವರು ವಿಜಾಪುರದಲ್ಲಿ ವಕೀಲರಾಗಿದ್ದರು. ಊರೂರು ತಿರುಗಿ, ಮನೆಮನೆಗಳಲ್ಲಿ ಪೂಜೆಗೊಳ್ಳುತ್ತ ಹುಳು ಹಿಡಿಯುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. ‘ವಚನಶಾಸ್ತ್ರಸಾರ’ವು 1923ರಲ್ಲಿ ಹೊರಬಂದಾಗ ಅವರಿಗೆ ನಾಲ್ವತ್ತಮೂರರ ಆಚೀಚೆಯ ವಯಸ್ಸು. ಆ ಗ್ರಂಥದ ಮೇಲೆ ‘ಭಾಗ 1’ ಎಂದಿತ್ತು. ‘ಭಾಗ 1’ ಎಂದು ಅಚ್ಚು ಹಾಕಿಸುವುದೆಂದರೇನು? ಮುಂದಿನ ಭಾಗಗಳನ್ನು ಕೊಡುವೆನೆಂದು ನಾಡಿನ ಮುಂದೆ ಮಾತು ಕೊಟ್ಟಂತೆಯೇ ಸರಿ. ಹೆಚ್ಚಿನವರು ಹೊಸದಕ್ಕೆ ಕೈಹಾಕಲು ಅಂಜುವ ವಯಸ್ಸಿನಲ್ಲಿ ಅವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಹುಟ್ಟಿತು. ಅದೇ ವರುಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವವೂ ಸಂದಿತು.

ನಿಯತಕಾಲಿಕ ಪತ್ರಿಕೆಯೆಂಬುದು ಮತ್ತೆ ಮತ್ತೆ ಸಲ್ಲಿಸಬೇಕಾದ ಮಾತು. ಚಂದಾ ತೆತ್ತವನು ಮುಂದಿನ ಸಂಚಿಕೆ ಎಲ್ಲಿ ಎಂದು ಕೇಳುತ್ತಾನೆ. ಸಂಪಾದಕನ ಹಣದ ಅಡಚಣೆಯಾಗಲಿ ಅನಾರೋಗ್ಯವಾಗಲಿ ಅವನಿಗೆ ತಿಳಿಯದು. ಅಂತಹ ಕೇಳುವವರನ್ನು ಹಳಕಟ್ಟಿಯವರು ತಾವಾಗಿಯೇ ಸುತ್ತಲೂ ಕೂಡಿಸಿಕೊಂಡು, ಬಡತನದ ನಡುವೆಯೂ ಮೂರು ದಶಕಗಳಿಗೂ ಮಿಕ್ಕಿ ಆ ಪತ್ರಿಕೆಯನ್ನು ನಡೆಸಿದರು. ಮರೆಯಾಗಿದ್ದ ಎಷ್ಟೋ ವಚನಕಾರರ ಹೆಸರುಗಳು ನಾಡಿಗೆ ತಿಳಿದುದು ಹೀಗೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿದಾಗ ಅವರು ಎಪ್ಪತ್ತಾರರ ವೃದ್ಧರು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ನಡುವಯಸ್ಸಿನಲ್ಲಿ ನಾಡಿಗೆ ಕೊಟ್ಟ ಮಾತು ಅವರನ್ನು ಮುಪ್ಪಿನವರೆಗೂ ಎತ್ತಿ ಹಿಡಿಯಿತು.

ಇನ್ನು ಸಾಮಾನ್ಯ ಗೃಹಸ್ಥನು ಮಾಡಬೇಕಾದುದೇನು? ಮೊದಲನೆಯದಾಗಿ, ಗುರಿಯನ್ನು ಕಾಯಕದ ಅಳತೆಗೆ ಇಳಿಸಿ ನುಡಿಯಬೇಕು. ‘ಇನ್ನು ಮುಂದೆ ಒಳ್ಳೆಯವನಾಗುವೆನು’ ಎಂಬುದು ಸಂಕಲ್ಪವಲ್ಲ, ಬರಿಯ ಹಾರೈಕೆ. ‘ಬೆಳಗಿನ ಲಿಂಗಪೂಜೆಯಾದೊಡನೆ ಒಂದು ವಚನವನ್ನು ಓದಿ ಅರ್ಥವನ್ನು ಚಿಂತಿಸುವೆನು’, ‘ಸಂಬಳ ಬಂದ ದಿನವೇ ಸಾಲದ ಕಂತನ್ನು ತೆರುವೆನು’, ‘ಸಂಜೆ ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ನಡೆಯುವೆನು’ ಎಂಬುವು ಸಂಕಲ್ಪಗಳು. ಹೊತ್ತು, ಸ್ಥಳ, ರೀತಿಗಳನ್ನು ಮೊದಲೇ ಗೊತ್ತುಪಡಿಸಿದ ಉದ್ದೇಶಗಳೇ ಹೆಚ್ಚಾಗಿ ಕೈಗೂಡುತ್ತವೆಂದು ಮೇಲೆ ಹೇಳಿದ ಗೋಲ್ವಿಟ್ಸರನೇ 1999ರಲ್ಲಿ ಬರೆದಿದ್ದಾನೆ. ಮೈಯ ಆರೈಕೆಯನ್ನು ಇಲ್ಲಿ ಸೇರಿಸಿದುದು ಆಕಸ್ಮಿಕವಲ್ಲ. ಲಿಂಗವನ್ನು ಧರಿಸಿದ ಈ ದೇಹವನ್ನು ಶರಣರು ದೇಗುಲವೆಂದೇ ಬಗೆದರು. ನಡುವಯಸ್ಸಿನಲ್ಲಿ ಸ್ನಾಯುಗಳ ಬಲವು ಮೆಲ್ಲನೆ ಕುಗ್ಗತೊಡಗುವುದರಿಂದ, ಗೋಡೆಗಳು ಶಿಥಿಲವಾಗದಂತೆ ನೋಡಿಕೊಳ್ಳುವುದೂ ಪೂಜೆಯ ಒಂದು ಅಂಗವೇ ಆಗಿದೆ.

ಎರಡನೆಯದಾಗಿ, ಕೇಳುವ ಹಕ್ಕುಳ್ಳವರ ಮುಂದೆ ನುಡಿಯಬೇಕು: ಕರಸ್ಥಲದ ಲಿಂಗದ ಮುಂದೆ, ಗುರುವಿನ ಮುಂದೆ, ಗಂಡನು ಹೆಂಡತಿಯ ಮುಂದೆ, ಹೆಂಡತಿಯು ಗಂಡನ ಮುಂದೆ, ಬೆಳೆದ ಮಕ್ಕಳ ಮುಂದೆ. ಸಂತೆಯಲ್ಲಿ ಸಾರಬೇಕಾಗಿಲ್ಲ. ‘ಭಲೆ’ ಎನ್ನುವ ನೂರು ಮಂದಿಗಿಂತ ‘ಏನಾಯಿತು?’ ಎಂದು ಕೇಳುವ ಒಬ್ಬರು ಮೇಲು. ವರದಕ್ಷಿಣೆಯನ್ನು ಮುಟ್ಟೆನೆಂದು ಆ ತಂದೆಯು ಮಗನು ಚಿಕ್ಕವನಿರುವಾಗಲೇ ಮಡದಿಮಕ್ಕಳ ಮುಂದೆ ನುಡಿದಿದ್ದರೆ, ಮದುವೆಯ ಮಾತುಕತೆಯ ದಿನ ಮಗನೇ ಅವನ ಕೈಹಿಡಿದು ತಡೆಯುತ್ತಿದ್ದನು.

ಮೂರನೆಯದಾಗಿ, ತಪ್ಪಿದಾಗ ಅದನ್ನೂ ಅವರ ಮುಂದೆಯೇ ನುಡಿದು ಮತ್ತೆ ಹಿಡಿಯಬೇಕು. ನಡುವಯಸ್ಸಿನಲ್ಲಿ ಮನುಷ್ಯನು ಹೆಚ್ಚಾಗಿ ಅಂಜುವುದು ಮಕ್ಕಳೆದುರು ಸಣ್ಣವನಾಗುವುದಕ್ಕೆ. ಆದರೆ ಮಕ್ಕಳ ಕಣ್ಣಿನಲ್ಲಿ ತಂದೆತಾಯಿಗಳು ಸಣ್ಣವರಾಗುವುದು ಎಡವಿದುದರಿಂದಲ್ಲ, ಎಡವಿಯೇ ಇಲ್ಲವೆಂಬಂತೆ ನಡೆದುಕೊಂಡುದರಿಂದ. ಆಡಿದ ಮಾತಿಗೆ ತಪ್ಪಿ, ತಪ್ಪಿದೆನೆಂದು ಒಪ್ಪಿ, ಮರುದಿನ ಅದೇ ಮಾತನ್ನು ಮತ್ತೆ ಆಡಿ ನಡೆಯುವ ಹಿರಿಯನನ್ನು ಕಂಡು ಬೆಳೆದ ಮಗುವಿಗೆ ನಿಷ್ಠೆಯ ಅರ್ಥವನ್ನು ಬೇರೆ ಪಾಠದಿಂದ ಕಲಿಸಬೇಕಾಗಿಲ್ಲ.

ನುಡಿಯು ನಡೆಗೆ ಬದಲಾಗಿ ನಿಂತರೆ ಅದು ಡಂಭ. ನಡೆಗೆ ಮುಂದಾಗಿ ನಿಂತು ದಾರಿಯನ್ನು ಕಾಯ್ದರೆ ಅದು ವ್ರತ. ಬಾಳಿನ ಮಧ್ಯಾಹ್ನದಲ್ಲಿ ನಿಂತ ಭಕ್ತರು ಇಷ್ಟು ಕಾಲ ಮನದಲ್ಲಿಯೇ ಮುಚ್ಚಿಟ್ಟುಕೊಂಡ ಒಂದು ಒಳ್ಳೆಯ ಸಂಕಲ್ಪವನ್ನಾದರೂ ಇಂದಿನ ಪೂಜೆಯ ಹೊತ್ತಿನಲ್ಲಿ ಲಿಂಗದೇವನಿಗೆ ಕೇಳುವಂತೆ, ಮನೆಯವರಿಗೂ ಕೇಳುವಂತೆ ನುಡಿಯಲಿ. ನುಡಿದಂತೆ ನಡೆಯುವ ಬಲವು ನಡೆಯುತ್ತ ನಡೆಯುತ್ತಲೇ ಬರುವುದು.